ಕೇಗೊ (ಜಪಾನೀಸಿನ ಗೌರವದ ಮಾತು): ಈಗಲೇ ಕಲಿಯಬೇಕೆ?

ಹೊಸಬ: ಜಪಾನೀಸ್ ಪರೀಕ್ಷೆಯ ಎನ್4 (ಕೆಳಗಿನಿಂದ ಎರಡನೆಯ ಹಂತ) ಮುಗಿಯಿತು. ಏಪ್ರಿಲ್‌ಗೆ ಒಸಾಕಾದ ಕಚೇರಿ ಸೇರಬೇಕು, ಫೋನ್ ಎತ್ತುವುದೂ ಇದೆ. ಸೊಂಕೇಗೊ (ಇತರರನ್ನು ಏರಿಸುವ ಮಾತು), ಕೆಂಜೋಗೊ (ನಮ್ಮನ್ನು ತಗ್ಗಿಸಿಕೊಳ್ಳುವ ಮಾತು) ಈಗಲೇ ಕಲಿಯಲೋ, ಸದ್ಯಕ್ಕೆ ದೆಸು–ಮಸು (ಸಾಮಾನ್ಯ ವಿನಯದ ಮಾತು) ಸಾಕೋ?

ತುಂಗಾತೀರ: ಸಾಕು. ಅರೆಬರೆ ಕೆಂಜೋಗೊ ತರುವ ಪೇಚು ದೊಡ್ಡದು. ಪ್ಲಾಟ್‌ಫಾರ್ಮಿನಲ್ಲಿ ದಿನಾ ‘ಮಮೊನಕು ದೆನ್‌ಶ ಗ ಮೈರಿಮಸು’ (ಇನ್ನೇನು ರೈಲು ಬರುತ್ತದೆ) ಕೇಳಿ ಕೇಳಿ, ಮೈರಿಮಸು ಅಂದರೆ ‘ದಯಮಾಡಿಸುತ್ತಾರೆ’ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ‘ಒಕ್ಯಕುಸಮ ಗ ಮೈರಿಮಶಿತ’ (ಗ್ರಾಹಕರು ಬಂದರು)! ಮೈರಿಮಸು ತಗ್ಗಿಸುವ ಮಾತು. ರೈಲನ್ನು ತಗ್ಗಿಸಿದರೆ ಕೇಳುವವರಿಗೆ ಗೌರವ. ಗ್ರಾಹಕರನ್ನೇ ತಗ್ಗಿಸಿದರೆ ಅವಮಾನ. ನೇರ ‘ಕಿಮಶಿತ’ (ಬಂದರು) ಎಷ್ಟೋ ವಾಸಿ.

ಧಾರವಾಡದಾಕಿ: ನಾ ಒಪ್ಪಂಗಿಲ್ಲ. ಏರಿಸೋದು ಮೊದಲ, ತಗ್ಗಿಸೋದು ಆಮ್ಯಾಲ, ಹಿಂಗ ಜೋಡಿ ಮಾಡಿ ಬಾಯಿಪಾಠ ಹಾಕ್ರಿ: ಹೋಗೋದಕ್ಕ ಇರಶ್ಶರು–ಉಕಗೌ, ತಿನ್ನೋದಕ್ಕ ಮೆಶಿಅಗರು–ಇತದಕು, ನೋಡೋದಕ್ಕ ಗೊರನ್ ನಿ ನರು–ಹೈಕೆನ್ ಸುರು. ಖರೇ ತೊಡಕು ಉಚಿ–ಸೊತೊದಾಗ (ನಮ್ಮವರು–ಹೊರಗಿನವರು ಅನ್ನೋ ಭೇದ) ಐತಿ. ನಾವು ಕನ್ನಡದಾಗ ಯಾರ ಮುಂದಾದ್ರೂ ‘ಸಾಹೇಬ್ರು ಹೊರಗ ಹೋಗ್ಯಾರ’ ಅಂತೀವಿ. ಹೊರಗಿನವರ ಫೋನಿಗೆ ಹಂಗ ಅಂದ್ರ ಕೆಲಸ ಕೆಟ್ಟಂಗ. ‘ಸುಝುಕಿ ವ ತದೈಮ ಸೆಕಿ ಓ ಹಝುಶಿತೆ ಒರಿಮಸು’ (ಸುಝುಕಿ ಈಗ ಜಾಗಾದಾಗ ಇಲ್ಲ) ಅನ್ರಿ. ಸಾಹೇಬ್ರ ಹೆಸರಿಗೆ ಸಾನ್ (‘ಅವರು’) ಇಲ್ಲ, ಬುಚೋ (ವಿಭಾಗದ ಮುಖ್ಯಸ್ಥ) ಇಲ್ಲ. ಬರೇ ದೆಸು–ಮಸು ಕಲಿತವರು ಸಿಕ್ಕಿಬೀಳೋದು ಇಲ್ಲೇ.

ಕೋಬೆ ಕನ್ನಡಿಗ: ಅರ್ಧ ಹೇಳಿ ಬಿಟ್ಟಿರಿ. ಫೋನ್ ಮಾಡಿದ್ದು ಸುಝುಕಿಯವರ ಹೆಂಡತಿಯಾದರೆ? ಆಗ ಸಾನ್ ಹಚ್ಚಿ ‘ಹಝುಶಿತೆ ಇರಶ್ಶೈಮಸು’ ಎಂದು ಏರಿಸಬೇಕು. ಉಕಗೌ–ಮೈರು (ಎರಡೂ ‘ಹೋಗು’ವುದರ ತಗ್ಗಿಸುವ ರೂಪ) ಭೇದವನ್ನಂತೂ ನುಂಗಿಯೇಬಿಟ್ಟಿರಿ. 2007ರ ‘ಕೇಗೊ ನೊ ಶಿಶಿನ್’ (ಜಪಾನ್ ಸರ್ಕಾರದ ಸಂಸ್ಕೃತಿ ಮಂಡಳಿಯ ಕೇಗೊ ಮಾರ್ಗದರ್ಶಿ) ಕೆಂಜೋಗೊವನ್ನು ಎರಡಾಗಿ, ಅಂದರೆ ಕ್ರಿಯೆ ಮುಟ್ಟುವವರಿಗೆ ಗೌರವ ಕೊಡುವುದು, ಕೇಳುವವರಿಗೆ ಕೊಡುವುದು ಎಂದು ಒಡೆದದ್ದೇ ಇಂಥದ್ದಕ್ಕೆ. ಗುರುಗಳ ಮನೆಗೆ ಉಕಗೈಮಸು ಸರಿ. ತಮ್ಮನ ಮನೆಗೆ ಹಾಗಂದರೆ ತಮ್ಮನನ್ನೇ ಅಟ್ಟಕ್ಕೇರಿಸಿದಂತೆ, ಅಲ್ಲಿಗೆ ಮೈರಿಮಸು.

ಧಾರವಾಡದಾಕಿ: ಎನ್4 ಮುಗಿಸಿದವರಿಗೆ ಶಿಶಿನ್ ಯಾಕ್ರಿ? ಮೊದಲ ‘ರ್ಯೋಕೈ ಶಿಮಶಿತ’ (ತಿಳೀತು) ಬಿಡಿಸ್ರಿ. ಗ್ರಾಹಕರಿಗೆ ಅದನ್ನ ವಿನಯದಿಂದ ಕಶಿಕೊಮರಿಮಶಿತ ಅನ್ನಬೇಕು, ಅಷ್ಟ.

ತುಂಗಾತೀರ: ‘ರ್ಯೋಕೈ ಇತಶಿಮಶಿತ’ದಲ್ಲಿ ಏನು ತಪ್ಪು? ಇತಸು (‘ಮಾಡು’) ಕೆಂಜೋಗೊ ತಾನೆ! ಸುಮ್ಮನೆ ಹೊಸಬರನ್ನು ಹೆದರಿಸಬೇಡಿ.

ಕೋಬೆ ಕನ್ನಡಿಗ: ವ್ಯಾಕರಣ ಸರಿ. ಮೇಲಿನವರ ಕಿವಿಗೆ ಚುಚ್ಚಿದರೆ ವ್ಯಾಕರಣ ಹಿಡಿದುಕೊಂಡು ಏನು ಮಾಡುತ್ತೀರಿ? ನಿಜವಾದ ತಪ್ಪು ಬೇಕಿದ್ದರೆ ‘ಒಶ್ಶರರೆಮಶಿತ’ (ಹೇಳಿದರು) ನೋಡಿ. ಒಶ್ಶರು ಮೊದಲೇ ಸೊಂಕೇಗೊ, ಅದರ ಮೇಲೆ ಇನ್ನೊಂದು ಗೌರವದ ಪ್ರತ್ಯಯ. ‘ಒಶ್ಶೈಮಶಿತ’ ಸಾಕು.

ತುಂಗಾತೀರ: ‘ಒಮೆಶಿಅಗರಿ ನಿ ನರು’ (ಮೆಶಿಅಗರುವನ್ನೇ ಮತ್ತೆ ಏರಿಸಿದ್ದು) ಕೂಡ ಡಬಲ್ಲೇ. ಅದು ರೂಢಿಯಾಗಿದೆ ಎಂದು ನಿಮ್ಮ ಶಿಶಿನ್ನೇ ಒಪ್ಪಿದೆಯಲ್ಲ, ಅದಕ್ಕೇನು ಹೇಳುತ್ತೀರಿ?