ಸಹಾಯ ಬೇಕು: ಅಪ್ಪನ ವಾಕಿಂಗಿಗೆ ಹೋಮ್ ಅಸಿಸ್ಟೆಂಟಾ, ಸ್ಟ್ರಾವಾನಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ದಿನಾ ಬೆಳಿಗ್ಗೆ ಲಿಂಗಾಂಬುಧಿ ಕೆರೆ ಕಡೆ ವಾಕಿಂಗ್ ಹೋಗ್ತಾರೆ. ಎಷ್ಟು ನಡೆದರು, ಕ್ಷೇಮವಾಗಿ ಮನೆ ಸೇರಿದರಾ, ಇಷ್ಟು ತಿಳಿದರೆ ಸಾಕು ನನಗೆ.

ಸ್ಟ್ರಾವಾ ಅಂದರೆ ನಡಿಗೆ, ಓಟ ದಾಖಲಿಸುವ ಆ್ಯಪ್. ಅದರಲ್ಲಿ ಬೀಕನ್ (ಇರುವ ಜಾಗವನ್ನು ಆಪ್ತರಿಗೆ ಆಗಿಂದಾಗಲೇ ತೋರಿಸುವ ಸೌಲಭ್ಯ) ಹಾಕಿದರೆ ಅವರು ಎಲ್ಲಿದ್ದಾರೆ ಅಂತ ಇಲ್ಲಿಂದಲೇ ಕಾಣುತ್ತೆ. ಆದರೆ ಪ್ರತಿ ಸಲ ನೆನಪಿಟ್ಟು ಸ್ಟಾರ್ಟ್ ಒತ್ತಬೇಕು, ಅಪ್ಪ ಮರೀತಾರೆ. 2018ರಲ್ಲಿ ಬಳಕೆದಾರರು ಓಡಾಡಿದ ದಾರಿಗಳನ್ನು ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪಿನಿಂದ ಸೇನಾ ನೆಲೆಗಳ ಜಾಡೇ ಹೊರಬಿದ್ದಿದ್ದು ನೆನೆದರೆ ಭಯವೂ ಆಗುತ್ತೆ.

ಹೋಮ್ ಅಸಿಸ್ಟೆಂಟ್ ಮನೆಯ ಸ್ಮಾರ್ಟ್ ಸಾಧನಗಳನ್ನು ನಿಭಾಯಿಸುವ ತಂತ್ರಾಂಶ, ವ್ಯಾಯಾಮದ ಆ್ಯಪ್ ಅಲ್ಲ, ಗೊತ್ತು. ಆದರೂ ಅದರ ಆಂಡ್ರಾಯ್ಡ್ ಆ್ಯಪಿನಲ್ಲಿ ಹೆಜ್ಜೆ ಎಣಿಸುವ ಸೆನ್ಸರ್ ಇದೆ, ಮನೆಯ ವಲಯಕ್ಕೆ ಬಂದ ಕೂಡಲೇ ನನಗೆ ಸಂದೇಶ ಕಳಿಸುವ ಹಾಗೆ ಮಾಡಬಹುದು. ಮಾಹಿತಿಯೆಲ್ಲ ಮನೆಯಲ್ಲಿ ಇದನ್ನು ನಡೆಸುವ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈಯಲ್ಲೇ ಉಳಿಯುತ್ತೆ. ನನ್ನ ಮನಸ್ಸು ಈ ಕಡೆಗೇ ವಾಲಿದೆ.

ಚಿಂತೆ ಕರೆಂಟಿನದು. ಪದೇ ಪದೇ ಹೋದರೆ ಪೈಯಲ್ಲಿ ಮಾಹಿತಿ ಉಳಿಸುವ ಎಸ್‌ಡಿ ಕಾರ್ಡ್ ಕೆಡುತ್ತಂತೆ. ಅಪ್ಪನಿಗೆ ಅದನ್ನು ಸರಿಮಾಡೋಕೆ ಬರಲ್ಲ, ನಾನಿರೋದು ಪುಣೆಯಲ್ಲಿ. ವಯಸ್ಸಾದವರ ಮನೆಯಲ್ಲಿ ಇದನ್ನು ಹಾಕಿ, ದೂರದಿಂದ ನೋಡಿಕೊಳ್ಳುತ್ತಿರುವವರು ಯಾರಾದರೂ ಇದ್ದೀರಾ? ಆ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿದಿರಾ, ರೂಟರಿಗೆ ಸಣ್ಣ ಯುಪಿಎಸ್ ಸಾಕಾಯಿತಾ? ದಯವಿಟ್ಟು ತಿಳಿಸಿ, ದಸರಾ ರಜೆಗೆ ಊರಿಗೆ ಹೋದಾಗ ಹಾಕಿ ಬರಬೇಕು.