ಸಹಾಯ ಬೇಕು: ಲೈವ್ ಲಿನಕ್ಸ್ ಬೂಟ್ ಆಗುವಾಗ ಪೆನ್‌ಡ್ರೈವ್ ಮಾಯ

ಎಲ್ಲರಿಗೂ ನಮಸ್ಕಾರ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಏಳುತ್ತಿಲ್ಲ. ಅವಳ ಪ್ರಾಜೆಕ್ಟ್ ಫೈಲ್‌ಗಳೆಲ್ಲ ಅದರಲ್ಲೇ ಇವೆ, ಹೇಗಾದರೂ ಹೊರಗೆ ತೆಗೆಯಬೇಕು. ಅದಕ್ಕೆ ಉಬುಂಟು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಲಿನಕ್ಸ್ ಓಡಿಸುವಂಥದ್ದು) ಮಾಡಿದ್ದೇನೆ.

ಗ್ರಬ್ ಮೆನು (ಬೂಟ್ ಆಯ್ಕೆಗಳ ಪಟ್ಟಿ) ಚೆನ್ನಾಗಿಯೇ ಬರುತ್ತದೆ. ಎಂಟರ್ ಒತ್ತಿದರೆ ಸ್ವಲ್ಪ ಹೊತ್ತು ಕಪ್ಪು ಪರದೆ, ಆಮೇಲೆ ಲೈವ್ ಫೈಲ್ ಸಿಸ್ಟಮ್ ಇರುವ ಮೀಡಿಯಂ ಸಿಗಲಿಲ್ಲ ಎಂದು ಇನಿಟ್‌ರ್‍ಯಾಮ್‌ಎಫ್‌ಎಸ್ ಪ್ರಾಂಪ್ಟ್‌ಗೆ (ಬೂಟ್ ಅರ್ಧಕ್ಕೆ ನಿಂತಾಗ ಸಿಗುವ ಕಮಾಂಡ್ ಸಾಲು) ಬಂದು ನಿಲ್ಲುತ್ತದೆ. ಅಲ್ಲಿ ಡಿಮೆಸ್ಗ್ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್) ಕೊಟ್ಟರೆ 'ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71' ಸಾಲುಸಾಲಾಗಿ ಕಾಣುತ್ತದೆ, ಅಂದರೆ ಯುಎಸ್‌ಬಿ ಸಾಧನದ ಜೊತೆ ಸಂವಹನ ಕೈಕೊಡುತ್ತಿದೆ.

ಉಬುಂಟು ಫೈಲ್‌ನ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಎಂದು ತಾಳೆ ನೋಡುವ ಸಂಕೇತ) ಸರಿ ಇದೆ. ಅದೇ ಪೆನ್‌ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿ ಆರಾಮಾಗಿ ಬೂಟ್ ಆಗುತ್ತದೆ. ಗ್ರಬ್ ತನಕ ಓದುವುದು ಬಯಾಸ್ (ಲ್ಯಾಪ್‌ಟಾಪ್‌ನ ಒಳಗಿನ ಸ್ಟಾರ್ಟಪ್ ಸಾಫ್ಟ್‌ವೇರ್), ಆಮೇಲೆ ಕರ್ನಲ್ ತನ್ನದೇ ಡ್ರೈವರ್ ಹಾಕಿಕೊಳ್ಳುತ್ತದೆ ಅಲ್ವಾ? ಅಲ್ಲೇ ಎಡವುತ್ತಿದೆ ಅನ್ನಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇರುವುದೆಲ್ಲ ಯುಎಸ್‌ಬಿ 3.0 ಪೋರ್ಟ್. ಪ್ರಾಂಪ್ಟ್ ಬಂದಾಗ ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿ 'ಎಕ್ಸಿಟ್' ಕೊಟ್ಟರೆ ಕೆಲವೊಮ್ಮೆ ಡೆಸ್ಕ್‌ಟಾಪ್ ಬರುತ್ತದೆ. ಆದರೆ ಫೈಲ್ ಕಾಪಿ ಮಾಡುವಾಗ ನಡುವೆಯೇ ಸಂಪರ್ಕ ಕಡಿದು ಎಲ್ಲ ಫ್ರೀಜ್ ಆಗುತ್ತದೆ.

ನಡುವೆ ಒಂದು ಯುಎಸ್‌ಬಿ 2.0 ಹಬ್ ಹಾಕಿದರೆ ಉಪಯೋಗವಾಗುತ್ತದೆಯೇ, ಸುಮ್ನೆ ದುಡ್ಡು ದಂಡವೇ? ಗ್ರಬ್‌ನಲ್ಲಿ 'ಟುರ್‍ಯಾಮ್' ಕೊಟ್ಟು ಎಲ್ಲವನ್ನೂ ಮೆಮೊರಿಗೆ ಎಳೆದುಕೊಳ್ಳಲು 8 ಜಿಬಿ ಸಾಕೇ? ಯುಎಸ್‌ಬಿ ಆಟೋಸಸ್ಪೆಂಡ್ (ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ತಾನಾಗಿ ಮಲಗಿಸುವ ವ್ಯವಸ್ಥೆ) ಆಫ್ ಮಾಡಿ ಇಂಥದ್ದನ್ನು ಸರಿಮಾಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಡಿಮೆಸ್ಗ್‌ನ ಪೂರ್ತಿ ಫೋಟೊ ಬೇಕಿದ್ದರೆ ಹಾಕುತ್ತೇನೆ.