ಪದಚರ್ಚೆ: ಆನ್‌ಲೈನ್ ಕೋರ್ಸ್ ‘ಪೂರ್ಣಗೊಳಿಸಿದವರು’ ಯಾರು?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಕಾಲೇಜಿನಲ್ಲಿ ಎನ್‌ಪಿಟೆಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳು), ಸ್ವಯಂ (ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ) ಕೋರ್ಸ್‌ಗಳ ವರದಿಯನ್ನು ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇವೆ. ನಮೂನೆಯಲ್ಲಿ ‘ನೋಂದಾಯಿಸಿದವರು’, ‘ಪೂರ್ಣಗೊಳಿಸಿದವರು’, ‘ಅರ್ಧಕ್ಕೆ ಬಿಟ್ಟವರು’ ಎಂಬ ಕಲಂಗಳಿವೆ. ಕೊನೆಯ ಎರಡರ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಎನ್‌ಪಿಟೆಲ್‌ನಲ್ಲಿ ಪಾಠ ಕೇಳಲು ದುಡ್ಡಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಹಾಗಿದ್ದರೆ 12 ವಾರದ ಪಾಠವನ್ನೂ ಕೇಳಿ, ಅಸೈನ್‌ಮೆಂಟೆಲ್ಲ ಕಳಿಸಿ, ಪರೀಕ್ಷೆಗೆ ಕೂರದ ಹುಡುಗಿ ಕೋರ್ಸ್ ಪೂರ್ಣಗೊಳಿಸಿದಳೋ ಇಲ್ಲವೋ? ವರದಿಗೆ ಬೇಕಿರುವುದು ಪ್ರಮಾಣಪತ್ರದ ಸಂಖ್ಯೆ. ಕ್ರೆಡಿಟ್ ಕೊಡಲು ಅದು ಬೇಕೇ ಬೇಕು (ಯುಜಿಸಿಯ 2021ರ ನಿಯಮದಂತೆ ಶೇ. 40ರವರೆಗೆ ಸ್ವಯಂ ಕೋರ್ಸ್‌ಗಳಿಂದ ಪಡೆಯಬಹುದು). ಅದಕ್ಕೆ ‘ತೇರ್ಗಡೆಯಾದವರು’ ಎಂದೇ ಬರೆದರೆ ಗೊಂದಲವಿಲ್ಲ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಅರ್ಧಕ್ಕೆ ಬಿಟ್ಟವರು’. ಓದಿದೊಡನೆ ‘ಶಾಲೆ ಬಿಟ್ಟ ಮಕ್ಕಳು’ ನೆನಪಾಗಿ, ಕೈಲಾಗದೆ ಬಿಟ್ಟರು ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ತಮ್ಮ ಮೊದಲ 17 ಆನ್‌ಲೈನ್ ಕೋರ್ಸ್‌ಗಳ ಲೆಕ್ಕವನ್ನು 2014ರಲ್ಲಿ ಕೊಟ್ಟಾಗ 8,41,687 ನೋಂದಣಿಗೆ ಸಿಕ್ಕ ಪ್ರಮಾಣಪತ್ರ 43,196, ಅಂದರೆ ನೂರಕ್ಕೆ ಐದು. ಆದರೆ ಉಳಿದವರನ್ನು ಅವರು ಒಂದೇ ರಾಶಿಗೆ ಸುರಿಯಲಿಲ್ಲ. ಪಾಠ ತೆರೆದೇ ನೋಡದವರು 2,92,852. ಅರ್ಧವೋ ಅದಕ್ಕಿಂತ ಹೆಚ್ಚೋ ನೋಡಿಯೂ ಪ್ರಮಾಣಪತ್ರ ಪಡೆಯದವರು 35,937. ಇವರಿಬ್ಬರೂ ‘ಬಿಟ್ಟವರು’ ಹೇಗಾಗುತ್ತಾರೆ? ನಾಳೆಯ ತರಗತಿಗೆ ಬೇಕಾದ ಎರಡು ವಾರದ ಪಾಠವನ್ನಷ್ಟೇ ಕೇಳುವ ಮೇಷ್ಟರು ಏನನ್ನೂ ಬಿಟ್ಟಿಲ್ಲ, ಬೇಕಾದ್ದನ್ನು ಪಡೆದಿದ್ದಾರೆ. ಅವರನ್ನು ಸೋತವರ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ತೆರೆದೇ ನೋಡದವರಿಗೆ ‘ಹೆಸರು ಬರೆಸಿದವರು’ ಸಾಕು. ಪರೀಕ್ಷೆಯ ಗೊಡವೆಯಿಲ್ಲದೆ ಕಲಿಯುವವರಿಗೆ ಸಹೋದ್ಯೋಗಿಯೊಬ್ಬರು ‘ಶ್ರೋತೃಗಳು’ ಎಂದರು. ನನಗದು ಆಕಾಶವಾಣಿಯ ಮಾತು. ‘ಪಾಠ ಕೇಳಿದವರು’ ನನಗೆ ಹಿಡಿಸಿದೆ. ಇಂಥ ಗುರುಗಳಲ್ಲಿ ಪಾಠ ಕೇಳಿದರು ಎಂದರೆ ಕಲಿತರು ಎಂದೇ ಅರ್ಥ, ಅಲ್ಲಿ ಪ್ರಮಾಣಪತ್ರದ ಪ್ರಶ್ನೆಯೇ ಇಲ್ಲ. ತೊಡಕೆಂದರೆ, ತೇರ್ಗಡೆಯಾದವರೂ ಪಾಠ ಕೇಳಿದವರೇ. ‘ಪಾಠ ಮಾತ್ರ ಕೇಳಿದವರು’ ಎಂದರೆ ಆ ‘ಮಾತ್ರ’ ಮತ್ತೆ ಕೊರತೆಯನ್ನೇ ಹೇಳುತ್ತದೆ.

ಈ ‘ಮಾತ್ರ’ವಿಲ್ಲದೆ ಹೇಳುವ ದಾರಿ ಇದೆಯೇ? ನಿಮ್ಮ ಕಾಲೇಜುಗಳಲ್ಲಿ ಬಾಯಿಮಾತಿನ ಪದವಿದ್ದರೂ ತಿಳಿಸಿ, ಅದನ್ನೇ ವರದಿಗೆ ಹಾಕಲು ನಾನು ಸಿದ್ಧ.